ಒಳಗಿವಿಯ ಮೂರನೆಯ ಕಿಟಕಿ

ಕಣ್ಣು ಹೊರಳುವ ಸದ್ದು ತನ್ನ ಕಿವಿಗೇ ಕೇಳುತ್ತದೆಂದು ಒಬ್ಬನು ಹೇಳಿದರೆ ಜನ ಅದನ್ನು ಚಿತ್ತಭ್ರಮೆಯೆಂದೇ ಬಗೆಯುವರು. ಆದರೆ ದೋಷವು ಎಲುಬಿನಲ್ಲಿರಬಹುದು. ಸಮತೋಲವನ್ನು ಕಾಯುವ ಮೂರು ಅರ್ಧವರ್ತುಲ ನಾಳಗಳು ಒಳಗಿವಿಯಲ್ಲುಂಟು. ಅವುಗಳಲ್ಲಿ ಮೇಲಣ ನಾಳವನ್ನು ಹೊದಿಸಿದ ಎಲುಬಿನಲ್ಲಿ ತೂತಿದ್ದರೆ, ಎರಡೇ ಕಿಟಕಿಗಳಿರಬೇಕಾದ ಒಳಗಿವಿಗೆ ಮೂರನೆಯದೊಂದು ತೆರೆದಂತಾಗುತ್ತದೆ. ಹೊರಗಿನ ಶಬ್ದದ ಬಲ ಅಲ್ಲಿ ಸೋರಿಹೋಗುತ್ತದೆ. ಒಡಲೊಳಗಿನ ನಾಡಿಮಿಡಿತ, ಸ್ವಂತ ದನಿ ಮೊಳಗತೊಡಗುತ್ತವೆ. ದೊಡ್ಡ ಸದ್ದಿಗೆ ತಲೆ ತಿರುಗುವುದೂ ಉಂಟು. ಪಾಠ ಹೇಳಿ ಬದುಕುವ ಉಪಾಧ್ಯಾಯರಿಗೆ ಇದೆಂತಹ ಸಂಕಟವೆಂಬುದನ್ನು ವಿವರಿಸಬೇಕಿಲ್ಲ.

1998ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವೈದ್ಯ ಲಾಯ್ಡ್ ಮೈನರ್ ಮತ್ತು ಸಂಗಡಿಗರು ಈ ವ್ಯಾಧಿಯನ್ನು ನಿರೂಪಿಸಿದರು. ಶ್ರವಣಪರೀಕ್ಷೆಯ ನಕ್ಷೆಯೊಂದನ್ನೇ ನಂಬಿದರೆ ಇದು ನಡುಗಿವಿಯ ಸ್ಟೇಪಿಸ್ ಎಲುಬು ಬಿಗಿದುಕೊಳ್ಳುವ ಆಟೋಸ್ಕ್ಲೆರೋಸಿಸ್ ರೋಗದಂತೆ ಕಂಡು, ಬೇಡದ ಶಸ್ತ್ರಚಿಕಿತ್ಸೆಗೆ ಎಡೆಯಾದೀತು. ಭೇದವನ್ನು ತೋರುವುದು ಕಿವಿಯೊಳಗಿನ ಸ್ನಾಯುವಿನ ಪ್ರತಿವರ್ತನೆ: ಆ ರೋಗದಲ್ಲಿ ಅದು ಸಾಮಾನ್ಯವಾಗಿ ಅಡಗುತ್ತದೆ, ಇಲ್ಲಿ ಉಳಿದಿರುತ್ತದೆ. ಕಾಲಹರಡಿನ ಎಲುಬಿಗೆ ಒತ್ತಿದ ಶ್ರುತಿಕವೆಯ ನಾದ ಕಿವಿಯಲ್ಲಿ ಕೇಳಿದರೂ ಸಂಶಯಪಡಬೇಕು. ಬಳಿಕ ವೆಂಪ್ ಪರೀಕ್ಷೆ, ತೆಳುಪದರಗಳ ಸಿ.ಟಿ. ಚಿತ್ರ. ಚಿತ್ರವೊಂದೇ ಸಾಲದು, ತೀರ ತೆಳುವಾದ ಎಲುಬೂ ಅದರಲ್ಲಿ ತೂತೆಂಬಂತೆ ತೋರುವುದು.

ಅರಿಶಿನಕುಂಟೆಯ ಕಡೆಯವರು ಮೊದಲು ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣುವುದು ಲೇಸು. ವಿಶೇಷ ಶ್ರವಣಪರೀಕ್ಷೆಗಳಿಗೆ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಬಾಧೆ ಅಲ್ಪವಾದರೆ ದೊಡ್ಡ ಸದ್ದಿನಿಂದ ದೂರವಿದ್ದರೆ ಸಾಕು. ತಾಳಲಾರದಾದಾಗ ಮಾತ್ರ ತೂತನ್ನು ಮುಚ್ಚುವ ಶಸ್ತ್ರಕ್ರಿಯೆಯ ವಿಚಾರ.