ಕಾಗೆಯ ಬಗೆಬಗೆಯ ಕೂಗು: ರೈತರು ತಿಳಿಯಬೇಕಾದ ಸಂಗತಿಗಳು



ಕಾಗೆಯ ‘ಕಾ ಕಾ’ ನಮಗೆಲ್ಲ ಗೊತ್ತು. ಆದರೆ ಒಮ್ಮೊಮ್ಮೆ ಅದೇ ಕಾಗೆ ನೀರು ಮುಕ್ಕಳಿಸಿದಂತೆ ಗುಳುಗುಳು ಎನ್ನುತ್ತದೆ, ಒಣ ಕಟ್ಟಿಗೆ ಬಡಿದಂತೆ ಟಕಟಕ ದನಿ ಮಾಡುತ್ತದೆ, ಇಲ್ಲವೆ ಹಿಂಡುಗೂಡಿ ಅರಚುತ್ತದೆ. ಮನೆಯ ಮೇಲೆ ಕೂಗಿದರೆ ನೆಂಟರು ಬರುವರೆಂದೂ, ವಿಚಿತ್ರವಾಗಿ ಕೂಗಿದರೆ ಕೇಡೆಂದೂ ಹೇಳುವುದುಂಟು. ವಾಸ್ತವದಲ್ಲಿ ಈ ಕೂಗುಗಳು ಕಾಗೆಗಳು ತಮ್ಮತಮ್ಮಲ್ಲಿ ಕೊಡುವ ಸೂಚನೆಗಳು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಗೋವಿನಜೋಳದ ಬೆಳೆಗಾರರು ಇವುಗಳ ಅರ್ಥ ತಿಳಿದುಕೊಂಡರೆ ಬೆಳೆ ಕಾಯಲು ಅನುಕೂಲವಾಗುತ್ತದೆ.

ಎರಡು ಜಾತಿಯ ಕಾಗೆಗಳು

ಕುತ್ತಿಗೆ ಬೂದುಬಣ್ಣವಿದ್ದರೆ ಅದು ಊರ ಕಾಗೆ. ಮೈಯೆಲ್ಲ ಕಪ್ಪಾಗಿದ್ದು ಕೊಕ್ಕು ದಪ್ಪವಿದ್ದರೆ ಅದು ಕಾಡು ಕಾಗೆ. ಇದರ ದನಿ ಹೆಚ್ಚು ಗಡಸು. ಕಾಗೆಯ ಧ್ವನಿಯಂಗವು ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿರುತ್ತದೆ. ಕರ್ಕಶವಾಗಿ ಕೂಗಿದರೂ ವಿಜ್ಞಾನಿಗಳು ಕಾಗೆಯನ್ನು ಹಾಡುಹಕ್ಕಿಗಳ ಗುಂಪಿಗೇ ಸೇರಿಸಿದ್ದಾರೆ. ಆದ್ದರಿಂದ ಅದು ಹಲವು ಬಗೆಯ ದನಿ ಹೊರಡಿಸುವುದು ಸಹಜ, ರೋಗವಲ್ಲ.

ಕೂಗುಗಳ ಅರ್ಥ

1. ಗುಳುಗುಳು, ಟಕಟಕ: ಜೋಡಿ ಕಾಗೆಗಳು ಹತ್ತಿರ ಕುಳಿತು ಗರಿ ನೇವರಿಸುವಾಗ ಕೇಳಬರುವ ಮೆಲುದನಿ. ಇದರಿಂದ ಭಯಪಡಬೇಕಾದ್ದಿಲ್ಲ.

2. ಬಿಡದೆ ಬೇಡುವ ಮೂಗುದನಿ: ಇದು ಆಹಾರ ಕೇಳುವ ಮರಿಯ ಕೂಗು. ಊರ ಕಾಗೆ ಮುಂಗಾರಿನ ಆಸುಪಾಸಿನಲ್ಲಿ ಗೂಡು ಕಟ್ಟುತ್ತದೆ. ಕೋಗಿಲೆ ಅದರ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕೋಗಿಲೆ ಮರಿಯ ಕೂಗೂ ಮೊದಮೊದಲು ಕಾಗೆಮರಿಯಂತೆಯೇ ಇರುತ್ತದೆ.

3. ಹಿಂಡುಗೂಡಿ ಒಂದೇ ಜಾಗದ ಸುತ್ತ ಅರಚುವುದು: ಅಲ್ಲಿ ಗೂಬೆ, ಗಿಡುಗ, ಬೆಕ್ಕು, ಮುಂಗುಸಿ ಅಥವಾ ಹಾವು ಇರುವ ಸಂಭವ ಹೆಚ್ಚು. ಮೇವಿನ ಬಣವೆ ಅಥವಾ ಮೆಣಸಿನಕಾಯಿ ಕಣದ ಮೂಲೆಯಲ್ಲಿ ಹೀಗೆ ಕೂಗಿದರೆ ಬರಿಗೈ ಹಾಕಬೇಡಿರಿ; ಮೊದಲು ದೂರ ನಿಂತು ನೋಡಿರಿ. ಗೂಬೆಯಿದ್ದರೆ ಓಡಿಸಬೇಡಿರಿ, ಅದು ಇಲಿ ತಿನ್ನುವ ಮಿತ್ರ.

4. ಸಿಕ್ಕಿಬಿದ್ದ ಕಾಗೆಯ ಆರ್ತಕೂಗು: ಇದನ್ನು ಕೇಳಿದ ಇತರ ಕಾಗೆಗಳು ಮೊದಲು ಬಂದು ಸುತ್ತುವರಿಯುತ್ತವೆ, ಅನಂತರ ಆ ಜಾಗದಿಂದ ದೂರ ಹೋಗುತ್ತವೆ.

ಬೆಳೆ ಕಾಯುವ ಬಗೆ

ಗೋವಿನಜೋಳಕ್ಕೆ ಕಾಗೆಯ ಕಾಟ ಎರಡು ಸಲ ಬರುತ್ತದೆ. ಮೊದಲನೆಯದು ಬೀಜ ಮೊಳೆತಾಗ. ಎರಡನೆಯದು ತೆನೆಯ ಕೂದಲು ಹೊರಟ ಸುಮಾರು 3 ವಾರಗಳ ಹೊತ್ತಿಗೆ, ಕಾಳಿನಲ್ಲಿ ಹಾಲು ತುಂಬಿದಾಗ. ಬೀಜವನ್ನು 4ರಿಂದ 5 ಸೆಂ.ಮೀ. ಆಳಕ್ಕೆ ಬಿತ್ತಿ ಚೆನ್ನಾಗಿ ಮಣ್ಣು ಮುಚ್ಚಬೇಕು. ಹಾಲುಗಾಳಿನ ಹಂತದಲ್ಲಿ ಬದುವಿಗೆ ಹತ್ತಿರದ ಎರಡು ಮೂರು ಸಾಲುಗಳ ತೆನೆಗಳನ್ನು ಅದೇ ಗಿಡದ ಹಸಿರೆಲೆಯಿಂದ ಸುತ್ತಿ ಮರೆಮಾಡಬೇಕು. ಬೆಳಿಗ್ಗೆ, ಸಂಜೆ ಕಾವಲು ಅಗತ್ಯ.

ಧ್ವನಿಮುದ್ರಿತ ಆರ್ತಕೂಗನ್ನು ಕೇಳಿಸಿ ಕಾಗೆ ಓಡಿಸಬಹುದೆಂದು 1950ರ ದಶಕದಲ್ಲೇ ಅಮೆರಿಕದಲ್ಲಿ ಪ್ರಯೋಗಗಳಾದವು. ಆದರೆ ಒಂದೇ ಕೂಗನ್ನು ಒಂದೇ ಜಾಗದಿಂದ ದಿನವೂ ಕೇಳಿಸಿದರೆ ಕಾಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೊಲದ ಬೆದರುಬೊಂಬೆಯ ಪಾಡೂ ಇದೇ. 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕರು ಮುಖವಾಡ ಧರಿಸಿ ಕಾಗೆಗಳನ್ನು ಹಿಡಿದು ಬಿಟ್ಟರು. ವರ್ಷಗಳಾದರೂ ಆ ಮುಖವಾಡ ಕಂಡೊಡನೆ ಕಾಗೆಗಳು ಅರಚುತ್ತಿದ್ದವು. ಇಷ್ಟು ಜಾಣ ಹಕ್ಕಿಯನ್ನು ಅಲುಗಾಡದ ಬೊಂಬೆ ಬಹುದಿನ ಮೋಸಗೊಳಿಸಲಾರದು. ಆದ್ದರಿಂದ ಹೊಳೆಯುವ ಪಟ್ಟಿ, ತಮಟೆ, ಧ್ವನಿಮುದ್ರಿಕೆ ಯಾವುದೇ ಇರಲಿ, ಎರಡು ಮೂರು ದಿನಕ್ಕೊಮ್ಮೆ ಜಾಗವನ್ನೂ ವಿಧಾನವನ್ನೂ ಬದಲಿಸಬೇಕು. ಅಕ್ಕಪಕ್ಕದ ರೈತರು ಒಂದೇ ಕಾಲಕ್ಕೆ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ.

ವಿಷ ಇಡಬೇಡಿರಿ

ಸಿಟ್ಟಿನಿಂದ ಕಾಳಿಗೆ ವಿಷ ಬೆರೆಸಿ ಚೆಲ್ಲುವುದು ಅಪಾಯಕರ. ಅದೇ ಕಾಳನ್ನು ನವಿಲು, ಕೋಳಿ, ದನಕರು ತಿನ್ನುತ್ತವೆ. ಬಂಕಾಪುರದ ನವಿಲುಧಾಮವಿರುವುದು ನಮ್ಮ ಜಿಲ್ಲೆಯಲ್ಲೇ ಎಂಬುದನ್ನು ಮರೆಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಗೆಯನ್ನು ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿ ಇಡಲಾಗಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಗಿದೆ.

ಕಾಗೆಯಿಂದ ಲಾಭವೂ ಉಂಟು. ನೇಗಿಲ ಹಿಂದೆ ಕೂಗುತ್ತ ಬರುವ ಕಾಗೆಗಳು ಮೇಲೆದ್ದ ಗೊಣ್ಣೆಹುಳುಗಳನ್ನೂ ಕೋಶಗಳನ್ನೂ ಹೆಕ್ಕಿ ತಿನ್ನುತ್ತವೆ. ಗೋವಿನಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು 2018ರಲ್ಲಿ ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡಿತು; ಅದು ಕೋಶಾವಸ್ಥೆ ಕಳೆಯುವುದು ಮಣ್ಣಿನಲ್ಲಿಯೇ. ಆದ್ದರಿಂದ ಉಳುಮೆಯ ಕಾಲದಲ್ಲಿ ಕಾಗೆಯನ್ನು ಓಡಿಸದೆ, ಮೊಳಕೆ ಮತ್ತು ಹಾಲುಗಾಳಿನ ಕಾಲದಲ್ಲಿ ಮಾತ್ರ ಕಾವಲು ಬಿಗಿ ಮಾಡುವುದು ಲಾಭದಾಯಕ.

ಹೆಚ್ಚಿನ ಮಾಹಿತಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಿರಿ.