ಹಳೇ ಚೀಟಿ ತಂದಿದ್ದೀರಾ?

ಅಡಿಕೆ ಸೀಮೆಯ ತಾಲ್ಲೂಕು ಊರೊಂದರಲ್ಲಿ ನಾನು ಸಾಮಾನ್ಯ ವೈದ್ಯ. ಚಿಕ್ಕಂದಿನಲ್ಲಿ ನನ್ನ ಕೈಯಲ್ಲಿ ಚುಚ್ಚುಮದ್ದು ಹಾಕಿಸಿಕೊಂಡು ಅತ್ತವರು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಹಲವರು ಬೆಂಗಳೂರಲ್ಲಿ ಮನೆ ಮಾಡಿದ್ದಾರೆ. ‘ಅಲ್ಲಿ ಯಾರಿಗೆ ತೋರಿಸೋದು ಡಾಕ್ಟ್ರೇ?’ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಮೈ ಚೆನ್ನಾಗಿರುವಾಗಲೇ ಒಮ್ಮೆ ಹೋಗಿ ಬನ್ನಿ

ಮಗುವಿಗೆ ನಡುರಾತ್ರಿ ಜ್ವರ ಏರಿದಾಗ ಯಾರೂ ವೈದ್ಯರನ್ನು ಆರಿಸುತ್ತ ಕೂರುವುದಿಲ್ಲ, ಬಾಗಿಲು ತೆರೆದಿರುವ ಕಡೆ ಓಡುತ್ತಾರೆ. ಹೊಸ ಬಡಾವಣೆಗೆ ಹೋದ ಮೊದಲ ತಿಂಗಳಲ್ಲೇ ಬಿಪಿ ನೋಡಿಸುವ ನೆಪದಲ್ಲಿ ಹೋಗಿ ಮಾತಾಡಿಸಿ. ಮನೆಗೆ ಹತ್ತಿರವಿರಲಿ, ಸಂಜೆ ಸಿಗುವಂತಿರಲಿ. ಎಂಬಿಬಿಎಸ್ ಸಾಕು, ಫ್ಯಾಮಿಲಿ ಮೆಡಿಸಿನ್‌ನಲ್ಲಿ ಎಂಡಿ ಅಥವಾ ಡಿಎನ್‌ಬಿ ಮಾಡಿದ್ದರೆ ಇನ್ನೂ ಒಳ್ಳೆಯದು. ಚೀಟಿಯ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕಾಣದಿದ್ದರೆ ಕೇಳಿ. ಅದರಲ್ಲಿ ಅಗೌರವವೇನೂ ಇಲ್ಲ.

2. ಅವರು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ

ನಿಮ್ಮ ಕೆಲಸವೇನು, ನಿದ್ದೆ ಹೇಗೆ, ತಂದೆ-ತಾಯಿಗೆ ಏನು ಕಾಯಿಲೆಯಿತ್ತು, ಬೇರೆ ಕಡೆಯ ಮಾತ್ರೆ, ನಾಟಿ ಔಷಧಿ ಏನಾದರೂ ತಗೊಳ್ತಿದ್ದೀರಾ ಎಂದು ವಿಚಾರಿಸುವವರು ಸಿಕ್ಕರೆ ಬಿಡಬೇಡಿ. ನೆಗಡಿಗೆ ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ನೀವೇ ಒತ್ತಾಯಿಸಿದಾಗಲೂ ‘ಬೇಡ, ನಾಲ್ಕು ದಿನದಲ್ಲಿ ಹೋಗುತ್ತೆ’ ಎನ್ನುವ ಧೈರ್ಯ ಅವರಿಗಿರಬೇಕು. ಆಂಟಿಬಯೋಟಿಕ್ ಪಟ್ಟಿಯ ಮೇಲೆ ಕೆಂಪು ಗೆರೆ ಇರುವುದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ ಎಂಬುದಕ್ಕೇ. ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆಂದರೆ ಮುಖ ಸಿಂಡರಿಸದೆ ಕಾಗದ ಬರೆದುಕೊಡುವವರನ್ನು ನಂಬಿ.

3. ಒಂದು ನೋಟ್‌ಬುಕ್ಕು ಇಡಿ

ನನಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದೇ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿರುವುದು ಎಲ್ಲರಿಗೂ ಸೇರಿಸಿ ಹಾಕಿದ ಗಡಿ. ನಿಮ್ಮ ನಾರ್ಮಲ್ ಎಷ್ಟು ಎಂಬುದು ನಿಮ್ಮ ಹಳೆಯ ಚೀಟಿಯಲ್ಲೇ ಇರುತ್ತದೆ. ಐವತ್ತರ ಆಸುಪಾಸಿನ ತೆಳ್ಳಗಿನ ಹೆಂಗಸೊಬ್ಬರ ಕ್ರಿಯಾಟಿನಿನ್ 1.1 ಬಂತೆನ್ನಿ. ಎಷ್ಟೋ ಲ್ಯಾಬುಗಳ ಲೆಕ್ಕದಲ್ಲಿ ಅದು ಗಡಿಯೊಳಗೇ ಇದೆ, ಯಾರೂ ಎರಡನೇ ಸಲ ನೋಡುವುದಿಲ್ಲ. ಆದರೆ ಎರಡು ವರ್ಷದ ಹಿಂದೆ ಅದು 0.6 ಇತ್ತು ಎಂದು ತಿಳಿದವರಿಗೆ ಎದೆ ಧಸಕ್ಕೆನ್ನುತ್ತದೆ: ಮೂತ್ರಪಿಂಡದ ಸೋಸುವ ಶಕ್ತಿ ಅರ್ಧದ ಹತ್ತಿರಕ್ಕೆ ಇಳಿದಿರಬಹುದು. ಆಗ ಕೂರಿಸಿ ಕೇಳಿದರೆ, ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗಿದ ಮಾತ್ರೆಯ ಹೆಸರು ಹೊರಬರುತ್ತದೆ. ಮಾತ್ರೆ ನಿಲ್ಲಿಸಿ, ಬಿಪಿ, ಸಕ್ಕರೆ ಹಿಡಿತಕ್ಕೆ ತಂದರೆ ಅಲ್ಲಿಗೇ ತಡೆಯುವ ಅವಕಾಶ ಇನ್ನೂ ಇರುತ್ತದೆ. ಡಯಾಲಿಸಿಸ್ ತನಕ ಹೋದವರಲ್ಲಿ ಅನೇಕರಿಗೆ ಈ ಅವಕಾಶ ಒಂದಲ್ಲ ಒಂದು ಕಾಲದಲ್ಲಿ ಇತ್ತು ಎನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ.

ಬಸುರಿಯಾದಾಗ ಕೊಟ್ಟ ತಾಯಿ ಕಾರ್ಡನ್ನು ನಮ್ಮ ಹೆಣ್ಣುಮಕ್ಕಳು ಪ್ಲಾಸ್ಟಿಕ್ ಹಾಕಿ ಕಾಪಾಡುತ್ತಾರೆ. ಮಗುವಿನ ಲಸಿಕೆ ಮುಗಿದ ಮೇಲೆ ಬದುಕಿನುದ್ದಕ್ಕೂ ಬೇರೆ ದಾಖಲೆಯೇ ಇರುವುದಿಲ್ಲ. ನೂರು ಪುಟದ ಒಂದು ಪುಸ್ತಕ ಸಾಕು. ತಾರೀಖು, ತೂಕ, ಬಿಪಿ, ಸಕ್ಕರೆ, ಕೊಟ್ಟ ಮಾತ್ರೆ, ಆಗದ ಮಾತ್ರೆ. ಮೊಬೈಲಿನಲ್ಲಿ ಫೋಟೊ ಇಟ್ಟರೂ ಆದೀತು, ಮೊಬೈಲ್ ಬದಲಾಯಿಸುವಾಗ ಮಾತ್ರ ಎಚ್ಚರ.

4. ಪರೀಕ್ಷೆ ಕೆಲವೇ ಸಾಕು, ತಪ್ಪದೆ ಆಗಲಿ

ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ಕೈ ಚಾಚಬೇಡಿ. ಐದು ನಿಮಿಷ ಬೆನ್ನು ಆನಿಸಿ, ಕಾಲು ನೆಲಕ್ಕಿಟ್ಟು, ಮಾತಾಡದೆ ಕೂತ ಮೇಲೆ ಬಿಪಿ ನೋಡಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ. 140/90 ಬೇರೆ ಬೇರೆ ದಿನಗಳಲ್ಲೂ ದಾಟಿದರೆ ಅಧಿಕ ರಕ್ತದೊತ್ತಡ ಎಂದೇ ಲೆಕ್ಕ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರದಿರಲಿ. ಸಕ್ಕರೆ ಕಾಯಿಲೆ ಇದ್ದರೆ ರಕ್ತ ಪರೀಕ್ಷೆಯೊಂದೇ ಸಾಲದು: ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ, ಮೂತ್ರದಲ್ಲಿ ಆಲ್ಬುಮಿನ್, ಅಂಗಾಲಿನ ಸ್ಪರ್ಶಜ್ಞಾನ ನೋಡಲೇಬೇಕು. ಅಂಗಾಲನ್ನು ಕಾಣದ ಪರೀಕ್ಷೆ ಅಪೂರ್ಣ.

ಇನ್ನು ಬಾಯಿ. ಅಡಿಕೆಯ ದುಡ್ಡಿನಿಂದಲೇ ನಮ್ಮೂರಿನ ಮನೆಗಳು ಎದ್ದಿವೆ, ಮಕ್ಕಳು ಓದಿದ್ದಾರೆ. ಮುಂದೆ ಹೇಳುವ ಮಾತು ಬೆಳೆಗಾರರಿಗೆ ಕಹಿ ಎಂದು ಬಲ್ಲೆ. ಆದರೂ ವೈದ್ಯನಾಗಿ ಹೇಳಲೇಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರ ವರದಿಯಲ್ಲೇ ಅಡಿಕೆಯನ್ನು, ತಂಬಾಕು ಸೇರಿಸದಿದ್ದರೂ, ಕ್ಯಾನ್ಸರ್‌ಕಾರಕ ಎಂದಿದೆ. ಅಡಿಕೆ ಜಗಿಯುವವರು ಹೀಗೆ ನೋಡಿಕೊಳ್ಳಿ: ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಬಾಯೊಳಗೆ ಹೋಗಬೇಕು. ಹೋಗದಿದ್ದರೆ, ಖಾರ ತಿಂದರೆ ಉರಿದರೆ, ಎರಡು ವಾರವಾದರೂ ಮಾಯದ ಹುಣ್ಣೋ ಬಿಳಿ ಮಚ್ಚೆಯೋ ಇದ್ದರೆ ಕೂಡಲೇ ತೋರಿಸಿ.

5. ಸರ್ಕಾರಿ ವ್ಯವಸ್ಥೆಯನ್ನು ಬಳಸಿಕೊಳ್ಳಿ

ಮೂವತ್ತು ಮೀರಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯಲ್ಲೇ ಉಚಿತ. ನಗರಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ‘ನಮಗೇನಿಲ್ಲ’ ಎಂದು ಕಳಿಸಬೇಡಿ.

6. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜನ್ನು ನಾನು ಸಲಹೆ ಮಾಡುವುದಿಲ್ಲ

ಯಾವ ತೊಂದರೆಯೂ ಇಲ್ಲದವರಿಗೆ ಕ್ಯಾನ್ಸರ್ ಮಾರ್ಕರ್‌ಗಳನ್ನೆಲ್ಲ ಒಟ್ಟಿಗೆ ನೋಡಿದರೆ ಸಿಗುವುದು ಬಹುಪಾಲು ಭಯ, ಇನ್ನಷ್ಟು ಸ್ಕ್ಯಾನ್. ಆ ಹಣದಲ್ಲಿ ಮನೆಯವರಿಗೆ ಬೇಕಾದ ಲಸಿಕೆ ಹಾಕಿಸಿ: ದೊಡ್ಡವರಿಗೆ ಹತ್ತು ವರ್ಷಕ್ಕೊಮ್ಮೆ ಟಿಡಿ (ಧನುರ್ವಾಯು, ಗಂಟಲಮಾರಿಯದು), ಹಿರಿಯರಿಗೆ ವರ್ಷಕ್ಕೊಮ್ಮೆ ಫ್ಲೂ, 9ರಿಂದ 14ರೊಳಗಿನ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ.

7. ಜೊತೆಗೆ ಬಂದವರನ್ನೂ ಕೂರಿಸಿ

ಮಾವನ ಶುಗರ್, ಗಂಡನ ಬಿಪಿ, ಮಗನ ಕೆಮ್ಮು ಎಲ್ಲಕ್ಕೂ ಫೈಲು ಹಿಡಿದು ಬರುವ ಮನೆಯೊಡತಿಗೆ ತನ್ನದೆಂಬ ಫೈಲು ಇರುವುದಿಲ್ಲ. ‘ನನಗೇನಾಗಿದೆ, ಸ್ವಲ್ಪ ಸುಸ್ತು ಅಷ್ಟೇ’ ಎನ್ನುತ್ತಾಳೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ. ಹಾಗಾಗಿ ರೋಗಿಯ ಜೊತೆ ಬಂದವರ ಬಿಪಿಯನ್ನೂ ನಾನು ನೋಡುತ್ತೇನೆ, ಉಗುರು ನೋಡುತ್ತೇನೆ, ಕಣ್ಣ ರೆಪ್ಪೆ ಬಿಡಿಸಿ ನೋಡುತ್ತೇನೆ. ಗರ್ಭಕಂಠದ ತಪಾಸಣೆ ಯಾವಾಗ ಆಯಿತು ಎಂದು ಕೇಳುತ್ತೇನೆ. ಆಗಿಯೇ ಇಲ್ಲವೆಂಬುದೇ ಸಾಮಾನ್ಯ ಉತ್ತರ. ನಿಮ್ಮ ವೈದ್ಯರು ಕೇಳದಿದ್ದರೆ ನೀವೇ ಹೇಳಿ, ಮುಂದಿನ ಸಲ ಅಪ್ಪನನ್ನು ತೋರಿಸಲು ಹೋದಾಗ ಅಮ್ಮನ ಹೆಸರಿನಲ್ಲೂ ಒಂದು ಟೋಕನ್ ತೆಗೆದುಕೊಳ್ಳಿ.