ಹಾಡನ್ನು ಹೊಲಿಯಹೊರಟ ತಂಗಿಗೆ

ಕೊರ್ಲಹಳ್ಳಿಯ ತಂಗಿ,

ಮೆಚ್ಚಿನ ಹಾಡು, ಮೆಚ್ಚಿನ ಸಿನಿಮಾ ಕಸೂತಿಯಲ್ಲಿ ಮೂಡಬೇಕೆಂಬ ನಿನ್ನ ಆಸೆ ನನಗೆ ಬಹಳ ಹಿಡಿಸಿದೆ. ಆದರೆ ನಮ್ಮ ಗದಗ ನಾಡಿನ ಗಾಯಕ ಭೀಮಸೇನ ಜೋಶಿಯವರ ಭಾವಚಿತ್ರವನ್ನೋ ಸಿನಿಮಾ ಪೋಸ್ಟರನ್ನೋ ಬಟ್ಟೆಗೆ ಇಳಿಸಿಕೊಂಡು ಕೆಲಸ ಶುರು ಮಾಡಬೇಡ. ಕಸೂತಿಗೆ ಅಚ್ಚು ಬೇಡ, ಪೆನ್ಸಿಲ್ ಗೆರೆಯೂ ಬೇಡ. ನೇಯ್ಗೆಯ ಎಳೆ ಎಣಿಸುತ್ತ ಸೂಜಿ ಸಾಗಬೇಕು. ಅದರ ಗೆರೆ ಅಡ್ಡ, ಉದ್ದ, ಓರೆಯಾಗಿ ಓಡೀತು, ಕೆನ್ನೆಯ ದುಂಡಿಗೆ ಬಾಗದು. ಎಣಿಕೆಯೇ ಅದರ ಶಕ್ತಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಬಲಾ ಕಲಿಯುವ ಮಕ್ಕಳು ಮೊದಲು ಮಾಡುವುದೂ ಎಣಿಕೆಯನ್ನೇ. ಹಾಗಾಗಿ ಹಾಡಿನಿಂದ ಗಾಯಕನ ಮುಖವನ್ನು ತರುವ ಬದಲು ತಾಳವನ್ನು ತಾ.

ಹೇಗೆಂದು ನೋಡು. ತೀನತಾಲವೆಂಬ ತಾಳಕ್ಕೆ 16 ಮಾತ್ರೆ, ಎಂದರೆ 16 ಎಣಿಕೆ, ನಾಲ್ಕು ನಾಲ್ಕರ ನಾಲ್ಕು ವಿಭಾಗ. 1, 5, 13ನೆಯ ಮಾತ್ರೆಗಳಲ್ಲಿ ತಾಲಿ, ಎಂದರೆ ಚಪ್ಪಾಳೆ, ಬೀಳುತ್ತದೆ, 9ನೆಯದು ಚಪ್ಪಾಳೆಯಿಲ್ಲದ ಖಾಲಿ. ಸೆರಗಿನ ಅಂಚಿನಲ್ಲಿ ಒಂದೊಂದು ಮಾತ್ರೆಗೆ ನಾಲ್ಕು ಎಳೆ ಹಿಡಿದರೆ ತಾಳದ ಒಂದು ಸುತ್ತಿಗೆ, ಎಂದರೆ ಒಂದು ಆವರ್ತನಕ್ಕೆ, 64 ಎಳೆ. ತಾಲಿ ಇರುವ ಮೂರು ವಿಭಾಗಗಳನ್ನು ನೇಗಿ ಹೊಲಿಗೆಯಿಂದ ತುಂಬು. ಖಾಲಿಯ ವಿಭಾಗಕ್ಕೆ ಗವಂತಿ ಹೊಲಿಗೆಯ ಬರೀ ಹೊರಗೆರೆ ಸಾಕು. ಮುಂದೆ ಹೋಗುವಾಗ ಗವಂತಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಬಿಡುತ್ತದೆ. ಮರಳಿ ಬರುವಾಗ ಬಿಟ್ಟ ಜಾಗಗಳೆಲ್ಲ ತುಂಬಿ, ಗಂಟಿಲ್ಲದೆ, ಬಟ್ಟೆಯ ಎರಡೂ ಬದಿ ಒಂದೇ ಗೆರೆ ಕಾಣುತ್ತದೆ. ಹೊರಟಲ್ಲಿಗೇ ಮರಳುವ ದಾರಿಯನ್ನು ಮೊದಲೇ ಯೋಚಿಸಿರಬೇಕು. ಸಮಕ್ಕೆ, ಎಂದರೆ ಮೊದಲ ಮಾತ್ರೆಗೆ, ಮರಳುವ ಲೆಕ್ಕ ತಪ್ಪಿದರೆ ಗಾಯಕ ಸಿಕ್ಕಿಬೀಳುತ್ತಾನೆ. ಇಲ್ಲಿ ಎಣಿಕೆ ತಪ್ಪಿದರೆ ಎಳೆ ಬಿಚ್ಚಬೇಕು. ಝಪತಾಲ ಬೇಕೆನಿಸಿದರೆ 2-3-2-3 ವಿಭಾಗದ 10 ಮಾತ್ರೆ. ಅದರ ಅಂಚು ಬೇರೆಯೇ ನಡೆ ನಡೆಯುತ್ತದೆ.

ಸಿನಿಮಾಕ್ಕೂ ಇದೇ ಮಾತು. 1972ರ ಪುಟ್ಟಣ್ಣ ಕಣಗಾಲರ 'ನಾಗರಹಾವು' ನಿನಗಿಷ್ಟವಾದರೆ ನಾಯಕ ವಿಷ್ಣುವರ್ಧನರ ಮುಖಕ್ಕಿಂತ ಅದರಲ್ಲಿ ಕಾಣುವ ಚಿತ್ರದುರ್ಗದ ಕೋಟೆ ಕಸೂತಿಗೆ ಹೆಚ್ಚು ಒಲಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರ್ಗಿ ಹೊಲಿಗೆ ಆ ಕೋಟೆಗೆಂದೇ ಹುಟ್ಟಿದಂತಿದೆ. ಹಾಡು, ಸಿನಿಮಾಗಳನ್ನು ಕಸೂತಿಗೆ ತಂದರೆ ಸಂಪ್ರದಾಯ ಕೆಡುತ್ತದೆ ಎನ್ನುವವರು ಇದ್ದಾರೆ. ಅವರ ಕಾಳಜಿ ಸುಳ್ಳಲ್ಲ. ಆದರೆ ಹಳೆಯ ಚಂದ್ರಕಾಳಿ ಸೀರೆಗಳ ಮೇಲೆ ಇರುವುದೇನು? ಗೋಪುರ, ತೇರು, ಅಂಬಾರಿ ಆನೆ, ತುಳಸಿ ವೃಂದಾವನ, ತೊಟ್ಟಿಲು. ಆ ಹೆಣ್ಣುಮಕ್ಕಳು ತಾವು ಕಂಡದ್ದನ್ನು, ಒಲಿದದ್ದನ್ನು ಹೊಲಿದರು. ಕಾಯಬೇಕಾದದ್ದು ಅವರ ಎಣಿಕೆಯ ಶಿಸ್ತನ್ನು. ನಿಮ್ಮ ತಾಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ಗೋಡೆಯನ್ನು ಯಾರಾದರೂ ಮುರ್ಗಿಯಲ್ಲಿ ತಂದರೆ ನಾನಂತೂ ಹಿಗ್ಗುತ್ತೇನೆ.

'ತಾಳ ಹೊಲಿದರೆ ಇದು ಇಂಥ ಹಾಡೆಂದು ಯಾರಿಗೆ ಗೊತ್ತಾಗುತ್ತದೆ?' ಎಂದು ನೀನು ಕೇಳಬಹುದು. ಮೊದಲ ನೋಟಕ್ಕೆ ಗೊತ್ತಾಗದು, ನಿಜ. ಆದರೆ ಹೋಲಿಕೆಯಷ್ಟೇ ಸಾಕೆಂದರೆ ಅಚ್ಚಾದ ಫೋಟೊ ನಿನ್ನ ಸೂಜಿಗಿಂತ ಚೆನ್ನಾಗಿ ಕೊಡುತ್ತದೆ. ಮುಖವೇ ಬೇಕೆಂದಿದ್ದರೆ ರಿಂಗಿಗೆ ಬಟ್ಟೆ ಬಿಗಿದು ಬೇರೆ ಹೊಲಿಗೆಯಲ್ಲಿ ಧಾರಾಳವಾಗಿ ಮಾಡು, ಅದರಲ್ಲೂ ಪ್ರೀತಿ ಇದೆ. ಅದನ್ನು ಕಸೂತಿ ಎಂದು ಮಾತ್ರ ಮಾರಬೇಡ. ಭೌಗೋಳಿಕ ಸೂಚಿಕೆ ಪಡೆದ ಕಲೆ ಇದು, ಆ ಹೆಸರನ್ನು ನಂಬಿ ಕೊಳ್ಳುವವರಿದ್ದಾರೆ. ಮಷೀನು ಅಗ್ಗವಾಗಿ ಮಾಡುತ್ತದೆ ಎಂಬ ಮಾತಿಗೆ ಬಟ್ಟೆಯ ಹಿಂಬದಿಯನ್ನು ತಿರುಗಿಸಿ ತೋರಿಸಿದರೆ ಸಾಕು.

ಎಳೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ತುಂಡು ತಗೊ. ನಿನಗೆ ಬಾಯಿಪಾಠವಾದ ಒಂದು ಹಾಡಿಗೆ ಕೈತಾಳ ಹಾಕಿ ಮಾತ್ರೆ ಎಣಿಸು, ಒಂದೇ ಒಂದು ಆವರ್ತನ ಹೊಲಿ. ಇಳಕಲ್ ಸೀರೆಗೆ ಆಮೇಲೆ ಕೈ ಹಚ್ಚು.

ನಿನ್ನ ಹಿತೈಷಿ